ಕುಡಿಯದವರು ಇಟ್ಟ ಆಣೆ

ಹೋದ ತಿಂಗಳು ನಮ್ಮ ಮಿಕ್ಸಿಯ ಮೋಟಾರು ಸುಟ್ಟುಹೋಯಿತಲ್ಲ. ಹೊಸದು ತಂದುಬಿಡೋಣ ಎಂದು ನಿಮ್ಮ ಅಮ್ಮ ಹೇಳಿದರೂ ಕೇಳದೆ, ಸಿಂಚನಾಳನ್ನು ಕರೆದುಕೊಂಡು ಮಲ್ಲತ್ತಹಳ್ಳಿಯಲ್ಲಿ ಬಸ್ಸು ಹತ್ತಿ ಕಾಮಾಕ್ಷಿಪಾಳ್ಯಕ್ಕೆ ಹೋದೆ. ನಾವು ಇಪ್ಪತ್ತು ವರ್ಷ ಬಾಳಿದ ಬೀದಿ ಅದು. ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಬಿಸಿ ವಾರ್ನಿಷ್ ವಾಸನೆ ಬಂತು. ತಾಮ್ರದ ತಂತಿ ಸುತ್ತಿದ ಮೋಟಾರನ್ನು ವಾರ್ನಿಷಿನಲ್ಲಿ ಅದ್ದಿ ಒಣಗಿಸುವಾಗ ಬರುವ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಸ್ಪಿರಿಟ್ಟು. ನಿಮ್ಮ ತಾತನ ಅಂಗಿ, ದಿಂಬು, ಟವೆಲ್ಲು, ಊಟದ ಡಬ್ಬಿ ಎಲ್ಲದರಲ್ಲೂ ಅದೇ ಇರುತ್ತಿತ್ತು. ನಾನು ಅಲ್ಲೇ ಕಂಬ ಹಿಡಿದು ನಿಂತುಬಿಟ್ಟೆ.

ಆ ಹೊತ್ತಿಗೆ ಸರಿಯಾಗಿ ನಮ್ಮ ಹಳೆಯ ನೆರೆಯವಳು ಜಯಕ್ಕ ಸಿಕ್ಕಳು. ಸೊಂಟ ಬಾಗಿದೆ, ದನಿ ಮಾತ್ರ ಹಾಗೇ ಇದೆ.

"ಏನ್ರೀ ಗೌರಮ್ಮಾ, ಬದುಕಿದೀರಾ! ಇವಳು ಮಂಜುಳನ ಮಗಳಾ? ಪುಟ್ಟೀ, ನಿಮ್ಮ ತಾತನಂಥ ಕೆಲಸಗಾರ ಈ ಏರಿಯಾದಲ್ಲೇ ಇರ್ಲಿಲ್ಲ ಕಣೇ. ಏನ್ಮಾಡೋದು, ಆ ಕುಡಿತ ಒಂದು ಇಲ್ದೆ ಇದ್ದಿದ್ರೆ..."

ನಾನು ನಕ್ಕಂತೆ ಮಾಡಿ ಮಿಕ್ಸಿ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಸಿಂಚನಾ ಕೇಳಿದಳು, "ಅಜ್ಜೀ, ತಾತ ಕುಡೀತಿದ್ರಾ?"

"ಕಿಟಕಿ ಎಳಿ, ಧೂಳು ಬರ್ತಿದೆ" ಎಂದೆ.

ನಾನು ಹಳ್ಳಿಯ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳು. ಎದುರಿಗೆ ನಿಂತು ಕೇಳಿದವರಿಗೆ ಉತ್ತರ ಕೊಡುವುದು ನನಗೆ ಯಾವತ್ತೂ ಬಂದಿಲ್ಲ. ಮಾತು ಗಂಟಲಿನವರೆಗೆ ಬಂದು ವಾಪಸು ಹೋಗುತ್ತದೆ. ಆದರೆ ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಸಿಂಚನಾ, ಪ್ರಣವ, ನಿಮ್ಮಿಬ್ಬರಿಗೂ ಸೇರಿಸಿ ಆ ಒಂದು ವರ್ಷದ ಸಂಗತಿ ಬರೆದಿಡುತ್ತಿದ್ದೇನೆ.

ಅದು ಎರಡು ಸಾವಿರದ ಆರನೇ ಇಸವಿ. ನೀವಿಬ್ಬರೂ ಹುಟ್ಟಿರಲಿಲ್ಲ, ನಿಮ್ಮ ಅಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ವಿಜಯನಗರದ ಒಂದು ಶಾಲೆಯ ಆಫೀಸಿನಲ್ಲಿ ಅವಳು ಗುಮಾಸ್ತೆಯಾಗಿದ್ದಳು. ನಿಮ್ಮ ತಾತ ಮಾಗಡಿ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಕೃಷ್ಣಪ್ಪ ಎಂಬುವರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹಿರಿಯ ಕೆಲಸಗಾರರು. ಸುಟ್ಟ ಮೋಟಾರಿನಿಂದ ಹಳೆಯ ತಂತಿ ಕಿತ್ತು, ಹೊಸ ತಂತಿಯನ್ನು ಲೆಕ್ಕ ಹಿಡಿದು ಸುತ್ತಿ ಕೂರಿಸುವ ಕೆಲಸ. ಯಾವ ಮೋಟಾರಿಗೆ ಎಷ್ಟು ಸುತ್ತು ಎನ್ನುವುದು ಬೇರೆಯವರಿಗೆ ಪುಸ್ತಕದಲ್ಲಿ, ಅವರಿಗೆ ತಲೆಯಲ್ಲಿ. ಪೀಣ್ಯದಿಂದ ಕೂಡ ಫೋನು ಮಾಡಿ ಕೇಳುತ್ತಿದ್ದರು. ಒಂದು ಕೈಯಲ್ಲಿ ಮುದ್ದೆ ಮುರಿಯುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸುತ್ತಿನ ಲೆಕ್ಕ ಹೇಳಿಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಕರೆಂಟು ಒಂದು ಸಲ ಬಂದರೆ ಮೂರು ಸಲ ಹೋಗುತ್ತಿತ್ತು. ವೋಲ್ಟೇಜು ಏರಿಳಿದು ಮೋಟಾರುಗಳು ಸಾಲಾಗಿ ಸುಡುತ್ತಿದ್ದವು. ಅಂಗಡಿಯ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಾಗಿದ್ದರೂ ನಿಮ್ಮ ತಾತ ನಿಧಾನವಾಗುತ್ತಾ ಬಂದರು. ಅರ್ಧ ದಿನದ ಕೆಲಸಕ್ಕೆ ಎರಡು ದಿನ. ಮನೆಯಲ್ಲೂ ಅಂಗಿಯ ಒಂದು ತೋಳು ಹಾಕಿಕೊಂಡು ಇನ್ನೊಂದನ್ನು ನೋಡುತ್ತಾ ಕೂತಿರುತ್ತಿದ್ದರು. "ಏನ್ರೀ, ಲೇಟಾಯ್ತು" ಎಂದರೆ, "ಹೂಂ ಕಣೇ, ಹೊರಟೆ" ಎನ್ನುವರು. ಹೊರಡುತ್ತಿರಲಿಲ್ಲ. ನಡೆಯುವಾಗ ಕಾಲು ಅಗಲ ಹಾಕಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಒಂದು ಕಡೆಗೆ ವಾಲುತ್ತಿದ್ದರು. ಮರೆವು ಮಾತ್ರ ಇಲ್ಲವೇ ಇಲ್ಲ. ನಮ್ಮ ಮದುವೆಯಲ್ಲಿ ಯಾರು ಯಾವ ಪಾತ್ರೆ ಉಡುಗೊರೆ ಕೊಟ್ಟರು ಎಂಬುದೂ ನೆನಪಿತ್ತು. ಹಾಗಾಗಿ ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ.

ಬಸವೇಶ್ವರನಗರದ ಒಂದು ಕಲ್ಯಾಣಮಂಟಪದ ಸಂಪಿನ ಮೋಟಾರು ನಿಮ್ಮ ತಾತನ ಕೈಯಿಂದ ರಿಪೇರಿಯಾಗಿ ಹೋಯಿತು. ಮಾರನೇ ದಿನ ಮದುವೆಮನೆಯಲ್ಲಿ ನೀರಿಲ್ಲ. ಮೋಟಾರು ಮತ್ತೆ ಸುಟ್ಟು ವಾಪಸು ಬಂತು. ಬಿಚ್ಚಿ ನೋಡಿದರೆ ತಂತಿ ಕೂರಿಸುವ ಮೊದಲು, ಅದು ಕಬ್ಬಿಣಕ್ಕೆ ತಾಗದಂತೆ ಮೋಟಾರಿನ ಸೀಳುಗಳೊಳಗೆ ಇಡಬೇಕಾದ ಕಾಗದವನ್ನೇ ಇಟ್ಟಿರಲಿಲ್ಲ. ಹೊಸಬ ಕೂಡ ಮಾಡದ ತಪ್ಪು. ಸುತ್ತಿನ ಲೆಕ್ಕ ಮಾತ್ರ ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಕೃಷ್ಣಪ್ಪ ಆ ದಿನ ಎಲ್ಲರ ಮುಂದೆ ಕೇಳಿದರಂತೆ, "ಏನ್ ಗುರುಗಳೇ, ಬೆಳಿಗ್ಗೆ ಬೆಳಿಗ್ಗೆನೇ ಎಣ್ಣೆ ಬಿಟ್ಕೊಂಡು ಬರ್ತಿದೀರಾ?"

ಆ ಮಾತು ನಮ್ಮ ಬೀದಿಯ ನಲ್ಲಿಯ ಹತ್ತಿರ ಬರಲು ಎರಡು ದಿನವೂ ಹಿಡಿಯಲಿಲ್ಲ. ಜಯಕ್ಕ ಬಿಂದಿಗೆ ಇಟ್ಟು ನನ್ನ ಕಿವಿಗೆ ಬಾಯಿ ತಂದು, "ನೋಡ್ರೀ, ವಾರ್ನಿಷ್ ವಾಸನೆ ಇರೋ ಕಡೆ ಇನ್ನೊಂದು ವಾಸನೆ ಗೊತ್ತಾಗಲ್ಲ. ನಮ್ಮೆಜಮಾನ್ರೂ ಹಿಂಗೇ ಶುರು ಮಾಡಿದ್ದು" ಎಂದಳು. ಕೆಡುಕು ಬಯಸಿ ಹೇಳಿದ್ದಲ್ಲ. ಅವಳ ಗಂಡ ಕುಡಿದೇ ಸತ್ತಿದ್ದರು. ಆದರೆ ಆ ದಿನದಿಂದ ನನ್ನ ಮೂಗು ಕೆಟ್ಟಿತು. ಇಪ್ಪತ್ತೈದು ವರ್ಷ ವಾರ್ನಿಷ್ ಎಂದುಕೊಂಡಿದ್ದ ವಾಸನೆಯಲ್ಲಿ ನಾನು ಹೆಂಡ ಹುಡುಕತೊಡಗಿದೆ. ಮಧ್ಯಾಹ್ನ ಅವರು ಚಾಪೆಯ ಮೇಲೆ ಮಲಗಿರುವಾಗ ಬಾಯಿಯ ಹತ್ತಿರ ಬಗ್ಗಿ ಮೂಸಿದ್ದೇನೆ. ಒಂದು ಸಲ ಕಣ್ಣು ಬಿಟ್ಟು, "ಏನೇ?" ಎಂದರು. "ಜ್ವರ ಇದೆಯಾ ಅಂತ ನೋಡ್ದೆ" ಎಂದೆ.

ನಿಮ್ಮ ಅಮ್ಮ ಮಾತ್ರ ನಂಬಲಿಲ್ಲ. "ಅಪ್ಪ ಕುಡಿಯೋದಾ? ಹೋಗಮ್ಮ" ಎಂದು ರೇಗಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅವರು ಬರೆದುಕೊಟ್ಟಂತೆ ತಲೆಯ ಸ್ಕ್ಯಾನೂ ಆಯಿತು. ರಿಪೋರ್ಟಿನಲ್ಲಿ, ಗಡ್ಡೆಯಿಲ್ಲ, ರಕ್ತ ಸೋರಿಲ್ಲ, ವಯಸ್ಸಿಗೆ ತಕ್ಕ ಸವಕಳಿ ಅಷ್ಟೇ ಎಂದು ಇತ್ತು. ಅವಳು ಸಂತೋಷದಿಂದ ಓದಿ ಹೇಳಿದಳು. ಅವಳು ನಿರಾಳಳಾದಷ್ಟೂ ನನಗೆ ಸಂಕಟ. ತಲೆ ಸರಿಯಾಗಿದ್ದರೆ ಕಾಲು ಏಕೆ ವಾಲುತ್ತದೆ? ಕೈ ಏಕೆ ತಪ್ಪುತ್ತದೆ? ಆ ರಿಪೋರ್ಟೇ ನನಗೆ ಸಾಕ್ಷಿಯಾಯಿತು.

ಆಷಾಢದಲ್ಲಿ ಅವರನ್ನು ಮಾಗಡಿಯ ಆಚೆ ಇರುವ ನನ್ನ ತವರಿಗೆ ಕರೆದುಕೊಂಡು ಹೋದೆ. ನಮ್ಮೂರ ಹುಣಸೆಮರದಮ್ಮನ ಗುಡಿಯಲ್ಲಿ ಕುಡುಕರಿಗೆ ಆಣೆ ಇಡಿಸುತ್ತಾರೆ. ಹೆಂಡತಿಯರು ಎಳೆದುಕೊಂಡು ಬರುತ್ತಾರೆ, ಗಂಡಂದಿರು ತಲೆ ತಗ್ಗಿಸಿ ನಿಂತಿರುತ್ತಾರೆ. ಅರಿಶಿನದ ನೀರಿನಲ್ಲಿ ಕೈ ಅದ್ದಿಸಿ, ಪೂಜಾರಿ ಮೂಡ್ಲಯ್ಯ ಹೇಳಿಕೊಟ್ಟಂತೆ ಹೇಳಬೇಕು. ಆಮೇಲೆ ತೋಳಿಗೆ ತಾಮ್ರದ ತಾಯಿತ ಕಟ್ಟುತ್ತಾರೆ. ಏಕೆ ಹೋಗುತ್ತಿದ್ದೇವೆಂದು ಬಸ್ಸಿನಲ್ಲಿ ನಾನು ಹೇಳಿರಲಿಲ್ಲ. ಗುಡಿಯ ಮುಂದಿನ ಸಾಲು ನೋಡಿದ ಕೂಡಲೇ ಅವರಿಗೆ ತಿಳಿಯಿತು. ಸಾಲಿನಲ್ಲಿ ಒಬ್ಬ ನಿಂತಲ್ಲೇ ತೂಗುತ್ತಿದ್ದ. ನಿಮ್ಮ ತಾತ ಅವನನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು, ನನ್ನನ್ನು ನೋಡಿದರು. ಬೈಯುತ್ತಾರೆ, ತಿರುಗಿ ಹೊರಟುಬಿಡುತ್ತಾರೆ ಎಂದು ಕಾದೆ.

ಬೈಯಲಿಲ್ಲ. ಅರಿಶಿನದ ನೀರಿನಲ್ಲಿ ಕೈ ಅದ್ದಿದರು.

"ಇನ್ನು ಮುಟ್ಟಿದರೆ ನನ್ನ ಕೈ ನಿಲ್ಲದೆ ಹೋಗಲಿ" ಎಂದು ಮೂಡ್ಲಯ್ಯ ಹೇಳಿಕೊಟ್ಟ.

"ಇನ್ನು ಮುಟ್ಟಿದರೆ ನನ್ನ ಕೈ ನಿಲ್ಲದೆ ಹೋಗಲಿ" ಎಂದು ನಿಮ್ಮ ತಾತ ಒಂದಕ್ಷರ ಬಿಡದೆ ಹೇಳಿದರು.

ಅಷ್ಟು ಸಲೀಸಾಗಿ ಒಪ್ಪಿದರಲ್ಲ, ಹಾಗಾದರೆ ನಿಜವೇ ಎಂದು ನನಗೆ ಅನ್ನಿಸಿತು. ಒಳಗೆ ಎಲ್ಲೋ ಇದ್ದ ಸಣ್ಣ ಅನುಮಾನವೂ ಆ ದಿನ ಸತ್ತುಹೋಯಿತು. ವಾಪಸು ಬರುವಾಗ ಮಳೆ. ರಸ್ತೆ ಬದಿಯ ಜೋಳದ ಗಾಡಿಯ ಟಾರ್ಪಾಲಿನ ಕೆಳಗೆ ನಿಂತು ಅವರಿಗೆ ಒಂದು ಜೋಳ ಸುಡಿಸಿ ಕೊಟ್ಟೆ. ಗೆದ್ದವಳಂತೆ ಕೊಟ್ಟೆ.

ಶ್ರಾವಣದಲ್ಲಿ ಅವರ ಕೈ ಇನ್ನೂ ಕೆಟ್ಟಿತು. ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಬಚ್ಚಲಿಗೆ ಹೋಗುವಷ್ಟರಲ್ಲಿ ಪಂಚೆ ಒದ್ದೆ. ಕೈ ನಿಲ್ಲದೆ ಹೋಗಲಿ ಎಂದು ಅವರೇ ಹೇಳಿದ್ದರಲ್ಲ! ಈಗ ನಾನು ಏನೆಂದು ತಿಳಿಯಲಿ? ಆಣೆ ಮುರಿದಿದ್ದಾರೆ, ಹುಣಸೆಮರದಮ್ಮ ಶಿಕ್ಷೆ ಕೊಡುತ್ತಿದ್ದಾಳೆ. ನನ್ನ ಲೆಕ್ಕದಲ್ಲಿ ಬೇರೆ ಉತ್ತರವೇ ಇರಲಿಲ್ಲ. ಅನ್ನ ಬಡಿಸುವಾಗ ತಟ್ಟೆ ಕುಕ್ಕುತ್ತಿದ್ದೆ. ಇದನ್ನೂ ಬರೆಯಬೇಕು ಎಂದುಕೊಂಡೇ ಕೂತಿದ್ದೇನೆ.

ಒಂದು ಮಧ್ಯಾಹ್ನ ಸುಮ್ಮನೆ ಅವರ ಹಿಂದೆ ಹೋದೆ. ಊಟ ಮುಗಿಸಿ ಅಂಗಡಿಗೆ ಹೊರಟಿದ್ದರು. ಮಾಗಡಿ ರಸ್ತೆಗೆ ಸೇರುವ ಮೂಲೆಯಲ್ಲಿ ಒಂದು ವೈನ್ ಶಾಪು ಇತ್ತು. ಅದರ ಮುಂದೆಯೇ ನಿಂತರು. ನಾನು ಆಚೆ ಬದಿಯ ಎಳನೀರು ಗಾಡಿಯ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿ ನಿಂತೆ. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಒಳಗೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಆಸೆಗೂ ಆಣೆಗೂ ನಡುವೆ ಒದ್ದಾಡುತ್ತಿದ್ದಾರೆ ಎಂದು ನಾನು ಅಂದುಕೊಂಡೆ.

ಅಷ್ಟರಲ್ಲಿ ಅಂಗಡಿಯ ಕಡೆಯಿಂದ ಯಲ್ಲಪ್ಪ ಬಂದರು. ಗದಗದ ಕಡೆಯವರು, ನಿಮ್ಮ ತಾತನ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದವರು, ನಲವತ್ತು ದಾಟಿದ್ದರು. ನೇರವಾಗಿ ಹತ್ತಿರ ಬಂದು ತಮ್ಮ ಪಾದವನ್ನು ನಿಮ್ಮ ತಾತನ ಪಾದದ ಮುಂದೆ ಅಡ್ಡ ಇಟ್ಟರು. ನಿಮ್ಮ ತಾತ ಆ ಪಾದವನ್ನು ದಾಟಿದರು, ಮುಂದಿದ್ದ ಚರಂಡಿಯ ಕಲ್ಲನ್ನೂ ದಾಟಿದರು. ಇಬ್ಬರೂ ದಿನಾ ಹೀಗೇ ಮಾಡುವವರಂತೆ ನಡೆದು ಹೋದರು.

ಮಾರನೇ ದಿನ, ನಿಮ್ಮ ತಾತ ಅಂಗಡಿಯಲ್ಲಿ ಬಿಟ್ಟುಬಂದಿದ್ದ ಡಬ್ಬಿ ಕೊಡಲು ಯಲ್ಲಪ್ಪ ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಅಕ್ಕಾರ, ನಿನ್ನೆ ಎಳನೀರ್ ಗಾಡಿ ಹಿಂದ ನಿಂತಿದ್ರಲ್ಲಾ, ನೋಡೀನ್ರಿ" ಎಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಗುರುಗಳು ಕುಡಿಯಂಗಿಲ್ರಿ. ನಾ ಕುಡೀತೀನ್ರಿ, ನನಗ ಗೊತ್ತೈತಿ ಕುಡದವ್ರು ಹೆಂಗ ನಡೀತಾರಂತ. ಕುಡದವ್ರ ಕಾಲು ಎಲ್ಲೆಲ್ಲೋ ಹೊಕ್ಕಾವು. ಇವರ ಕಾಲು ನೆಲಕ್ಕ ಅಂಟಿಕೊಂಡು ಬಿಡ್ತಾವು. ಚರಂಡಿ ಕಲ್ಲು ಬಂತಂದ್ರ ಮುಗೀತು, ಮುಂದ ಹೋಗಂಗಿಲ್ಲ. ಏನರ ಒಂದು ಅಡ್ಡ ಇಟ್ರ ದಾಟತಾರ. ಕೆಲಸದಾಗೂ ಹಂಗ. ಎಲ್ಲಾ ನೆನಪೈತಿ. ಕಾಗದ ಹಚ್ಚೂದು ಮೊದಲು, ತಂತಿ ಆಮ್ಯಾಲ ಅಂತ ನನಗ ಹೇಳ್ತಾರ. ತಾವು ಮಾಡಾಕ ಕುಂತ್ರ ಒಂದರ ಹಿಂದ ಒಂದು ಬರಂಗಿಲ್ಲ. ಇದು ಬ್ಯಾರೆ ಏನೋ ಐತ್ರಿ. ದೊಡ್ಡ ದವಾಖಾನಿಗೆ ತೋರಸ್ರಿ."

ಹೊರಟವರು ತಿರುಗಿ, "ತೋಳಾಗ ತಾಯಿತ ನೋಡೀನ್ರಿ. ಅದು ನನಗ ಕಟ್ಟಬೇಕಿತ್ತು" ಎಂದು ನಗಲು ನೋಡಿದರು. ನಗು ಪೂರ್ತಿ ಬರಲಿಲ್ಲ.

ಗಣೇಶನ ಹಬ್ಬ ಕಳೆದ ವಾರದಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಒಬ್ಬ ಲೇಡಿ ಡಾಕ್ಟರು, ಚಿಕ್ಕ ವಯಸ್ಸು, ಅವಸರವಿಲ್ಲದವರು. ಮೊದಲು ನಡೆಸಿ ನೋಡಿದರು. ಆಮೇಲೆ ಮುಷ್ಟಿ ಬಿಗಿದು ಮೇಜಿನ ಮೇಲೆ ಇಡಿ, ಅಂಗೈಯ ಅಂಚು ಇಡಿ, ಅಂಗೈ ಚಾಚಿ ಇಡಿ, ಇದನ್ನೇ ಸಾಲಾಗಿ ಮಾಡಿ ಎಂದರು. ನಿಮ್ಮ ತಾತ ಮುಷ್ಟಿಯಲ್ಲೇ ನಿಂತುಬಿಟ್ಟರು. "ಮುಷ್ಟಿ, ಅಂಚು, ಅಂಗೈ" ಎಂದು ಬಾಯಲ್ಲಿ ಸರಿಯಾಗಿ ಹೇಳುತ್ತಲೇ ಇದ್ದರು, ಕೈ ಮುಷ್ಟಿಯಾಗಿಯೇ ಮೇಜನ್ನು ತಟ್ಟುತ್ತಿತ್ತು. ಬಿ.ಪಿ. ನೋಡಿ ಡಾಕ್ಟರು ಹುಬ್ಬೇರಿಸಿದರು. "ಎಷ್ಟು ವರ್ಷದಿಂದ ಇದೆ?" ಎಂದರು. ಮೊದಲ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯನ್ನು ಹತ್ತು ದಿನ ನುಂಗಿ ಬಿಟ್ಟಿದ್ದೆವು. ಅದಕ್ಕೂ ಮೊದಲು ಯಾವತ್ತೂ ತೋರಿಸಿಯೇ ಇರಲಿಲ್ಲ.

"ಎಂ.ಆರ್.ಐ. ಮಾಡಿಸೋಣ. ಅದರ ಜೊತೆಗೆ ಇನ್ನೊಂದು ಹೊಸ ಥರದ ಚಿತ್ರಾನೂ ತೆಗೀತೀವಿ. ಮಿದುಳಿನ ಎಳೆಗಳ ಒಳಗೆ ನೀರು ಹೆಂಗೆ ಸರಿಯುತ್ತೆ ಅಂತ ತೋರಿಸುತ್ತೆ. ಸ್ವಲ್ಪ ಹೆಚ್ಚು ಹೊತ್ತು ಅಲ್ಲಾಡದೆ ಮಲಗಬೇಕು, ಆಗುತ್ತಾ?" ಎಂದರು.

ಸ್ಕ್ಯಾನಿನ ರೂಮಿನ ಹೊರಗೆ ಒಬ್ಬ ಟೆಕ್ನೀಷಿಯನ್ನು ಫಾರಂ ಹಿಡಿದು, "ಪೇಷಂಟ್ ಹೆಸ್ರು ಹೇಳಿ ಆಂಟಿ" ಎಂದ. ಗಂಡನ ಹೆಸರು ನಾನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಚೀಟಿ ತೋರಿಸಿದೆ. ಅವನೇ ಜೋರಾಗಿ, "ರಂಗಸ್ವಾಮಯ್ಯ" ಎಂದು ಓದಿಕೊಂಡ. "ಮೈಮೇಲೆ ಲೋಹ ಏನೂ ಇರಬಾರ್ದು. ವಾಚು, ಉಡಿದಾರ, ಎಲ್ಲಾ ತೆಗೀರಿ. ಲೇತಲ್ಲಿ ಗೀತಲ್ಲಿ ಕೆಲ್ಸ ಮಾಡಿದೀರಾ ಸಾರ್? ಕಣ್ಣಲ್ಲಿ ಕಬ್ಬಿಣದ ಚೂರು ಬಿದ್ದಿತ್ತಾ?"

"ನಂದು ತಾಮ್ರದ ಕೆಲಸ" ಎಂದರು ನಿಮ್ಮ ತಾತ. ಬಾಗಿಲ ಸಂದಿಯಿಂದ ಆ ದೊಡ್ಡ ಬಿಳಿ ಕೊಳವೆಯನ್ನು ನೋಡಿ ಅವರ ಮುಖ ಅರಳಿತು. "ಇದರೊಳಗೂ ವೈಂಡಿಂಗೇ ತಾನೆ?"

"ಹೂಂ ಸಾರ್, ದೊಡ್ಡ ಕಾಯಿಲ್ಲು. ಮ್ಯಾಗ್ನೆಟ್ಟು."

"ಎಷ್ಟು ಸುತ್ತು?"

"ಅದೆಲ್ಲಾ ಗೊತ್ತಿಲ್ಲ ಸಾರ್" ಎಂದು ಅವನು ನಕ್ಕ. ಆಮೇಲೆ ತೋಳಿನ ತಾಯಿತ ಕಂಡಿತು. "ಇದೂ ತೆಗೀಬೇಕು."

ನಿಮ್ಮ ತಾತ ತೋಳನ್ನು ಎದೆಗೆ ಒತ್ತಿಕೊಂಡರು. "ಇದು ಆಗಲ್ಲ."

"ತಾಮ್ರ ಆದ್ರೂ ಒಳಗೆ ಬಿಡಲ್ಲ ಸಾರ್. ಏನಾಗಲ್ಲ, ಆಮೇಲೆ ಕಟ್ಕೊಳ್ಳಿ."

"ಆಣೆ ಇಟ್ಟು ಕಟ್ಟಿಸ್ಕೊಂಡಿದ್ದು."

"ಯಾವ ಆಣೆ ಸಾರ್?"

ಸಾಲಿನಲ್ಲಿ ಕೂತವರೆಲ್ಲ ನೋಡುತ್ತಿದ್ದರು. ನಿಮ್ಮ ಅಮ್ಮನಿಗೆ ಗುಡಿಯ ವಿಷಯ ನಾನು ಹೇಳಿರಲೇ ಇಲ್ಲ. ಅವಳು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದಳು. ನಿಮ್ಮ ತಾತ ತೋಳನ್ನು ನನ್ನ ಕಡೆ ಚಾಚಿದರು. "ಇವಳು ಕಟ್ಟಿಸಿದ್ದು. ಇವಳೇ ಬಿಚ್ಚಲಿ" ಎಂದರು.

ಮಳೆಯಲ್ಲಿ ನೆನೆದು ಒಣಗಿ ದಾರದ ಗಂಟು ಬಿಗಿದುಹೋಗಿತ್ತು. ಉಗುರಿಗೆ ಸಿಗಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಮೂಗು ಅವರ ತೋಳಿಗೆ ತಾಗಿತು. ವಾರ್ನಿಷ್ ವಾಸನೆ. ಬರೀ ವಾರ್ನಿಷ್.

ಮುಕ್ಕಾಲು ಗಂಟೆ ಒಳಗಿನಿಂದ ಟಕಟಕ, ಗರಗರ ಸದ್ದು. ಹೊರಗೆ ನಿಮ್ಮ ಅಮ್ಮ ನನ್ನ ಕೈಯಲ್ಲಿದ್ದ ತಾಯಿತ ನೋಡಿ, "ಏನಮ್ಮಾ ಮಾಡ್ದೆ ನೀನು" ಎಂದಳು, ಅಷ್ಟೇ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ನಿಮ್ಮ ತಾತ ಹೊರಗೆ ಬಂದವರೇ ಟೆಕ್ನೀಷಿಯನ್ನಿಗೆ, "ನಿಮ್ಮ ಕಾಯಿಲ್ ಬಡ್ಕೋತಿದೆ ಕಣಪ್ಪ. ವಾರ್ನಿಷ್ ಸರಿಯಾಗಿ ಹಿಡಿದಿಲ್ಲ" ಎಂದರು. ಅವನು, "ಕಂಪ್ನಿಯವ್ರಿಗೆ ಹೇಳ್ತೀನಿ ಸಾರ್" ಎಂದ. ಆ ವರ್ಷವೆಲ್ಲ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾಲ್ಕು ದಿನದ ಮೇಲೆ ಡಾಕ್ಟರು ಕರೆದು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ನಡುವೆ ಎರಡು ಕಪ್ಪು ರೆಕ್ಕೆ, ಅದರ ಸುತ್ತ ಮೋಡದಂತೆ ಬಿಳಿ. ಇನ್ನೊಂದು ಚಿತ್ರ ಬಣ್ಣದ್ದು, ಕೆಂಪು ಹಸಿರು ನೀಲಿ ಎಳೆಗಳು. ಕೆಲವು ಕಡೆ ಬಣ್ಣ ಮಂಕಾಗಿತ್ತು.

"ಮಿದುಳಲ್ಲಿ ಬೂದು ಭಾಗ, ಬಿಳಿ ಭಾಗ ಅಂತ ಇರುತ್ತೆ" ಎಂದರು ಡಾಕ್ಟರು. "ಬಿಳಿ ಭಾಗ ಅಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯೋ ಎಳೆಗಳು. ಆ ಎಳೆಗಳ ಮೇಲೆ ತೆಳ್ಳಗೆ ಒಂದು ಕವಚ..."

"ಎನಾಮಲ್" ಎಂದರು ನಿಮ್ಮ ತಾತ.

"ಏನಂದ್ರಿ?"

"ತಾಮ್ರದ ತಂತಿ ಮೇಲೂ ಇರುತ್ತೆ ಮೇಡಂ, ಎನಾಮಲ್. ಅದು ಹೋದ್ರೆ..." ಡಾಕ್ಟರು ಕಾದರು. "ತಂತಿ ತುಂಡಾಗಿರಲ್ಲ. ಕರೆಂಟು ದಾರಿ ತಪ್ಪುತ್ತೆ."

ಡಾಕ್ಟರು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. "ಸರಿಯಾಗಿ ಹೇಳಿದ್ರಿ. ಕವಚ ಚೆನ್ನಾಗಿದ್ರೆ ನೀರು ಎಳೆ ಉದ್ದಕ್ಕೇ ಸರಿಯುತ್ತೆ. ಹಾಳಾದ ಕಡೆ ಅತ್ತಿತ್ತ ಹರಡುತ್ತೆ. ಈ ಮಂಕಾದ ಕಡೆ ಆಗಿರೋದು ಅದೇ. ಬಿ.ಪಿ. ಜಾಸ್ತಿಯಾಗಿ ಸಣ್ಣ ರಕ್ತನಾಳ ಎಲ್ಲಾ ಕೆಟ್ಟು ಹಿಂಗಾಗಿದೆ. ಇದೂ ಡಿಮೆನ್ಶಿಯಾದಲ್ಲಿ ಒಂದು ಥರ."

"ಅಂದ್ರೆ ಮರೆವಿನ ಕಾಯಿಲೆ ಅಲ್ವಾ? ಅಪ್ಪಂಗೆ ಎಲ್ಲಾ ನೆನಪಿದೆಯಲ್ಲ" ಎಂದಳು ನಿಮ್ಮ ಅಮ್ಮ.

"ಎಲ್ಲರಿಗೂ ಮರೆವಿಂದಾನೇ ಶುರುವಾಗಲ್ಲ. ಕೆಲವರಿಗೆ ಮೊದಲು ನಡಿಗೆ ಹೋಗುತ್ತೆ, ಒಂದಾದ ಮೇಲೆ ಒಂದು ಮಾಡೋ ಶಕ್ತಿ ಹೋಗುತ್ತೆ. ಮನೆಯವರು ಸೋಮಾರಿತನ ಅಂದ್ಕೋತಾರೆ, ಕುಡಿತ ಅಂದ್ಕೋತಾರೆ."

ನನ್ನ ಕಣ್ಣು ನಿಮ್ಮ ತಾತನ ಕಾಲಿನ ಕೆಳಗಿನ ಟೈಲ್ಸು ಬಿಟ್ಟು ಮೇಲೇಳಲಿಲ್ಲ.

"ಮತ್ತೆ ಮೊದಲನೇ ಸ್ಕ್ಯಾನಲ್ಲಿ ಯಾಕೆ ಕಾಣಿಸ್ಲಿಲ್ಲ ಡಾಕ್ಟರೇ?" ಎಂದು ನಿಮ್ಮ ಅಮ್ಮ ಕೇಳಿದಳು.

ಡಾಕ್ಟರು ಬಾಯಿ ತೆರೆಯುವ ಮೊದಲೇ ನಿಮ್ಮ ತಾತ ಮಗಳ ಕಡೆ ತಿರುಗಿದರು. ಕೆಲಸ ಕಲಿಸುವಾಗಿನ ದನಿ ಅದು. "ಅದು ಮಲ್ಟಿಮೀಟರು ಕಣಮ್ಮ. ತಂತಿ ತುಂಡಾಗಿದೆಯಾ ಇಲ್ವಾ, ಅಷ್ಟೇ ಹೇಳೋದು. ಮೇಲಿನ ಕವಚ ವೀಕಾಗಿರೋದು ಅದಕ್ಕೆ ಸಿಗಲ್ಲ. ಅದಕ್ಕೆ ಮೆಗ್ಗರ್ ಅಂತ ಬೇರೆ ಮಿಷನ್ನೇ ಇದೆ, ಹಿಡಿ ತಿರುಗಿಸಿ ನೋಡೋದು. ಇದು ಮೆಗ್ಗರು."

ಡಾಕ್ಟರು ನಕ್ಕರು. ನಿಮ್ಮ ತಾತನೂ ನಕ್ಕರು. ಆಮೇಲೆ ಫಿಲ್ಮಿನ ಕಡೆಗೆ ಬಹಳ ಹೊತ್ತು ನೋಡಿ ಕೇಳಿದರು, "ರೀವೈಂಡಿಂಗ್ ಇಲ್ವಾ ಮೇಡಂ ಇದಕ್ಕೆ?"

ಡಾಕ್ಟರ ನಗು ನಿಂತಿತು. "ಇಲ್ಲ ಸಾರ್. ಹೋಗಿರೋದನ್ನ ವಾಪಸು ತರೋಕಾಗಲ್ಲ. ಬಿ.ಪಿ. ಹಿಡಿತದಲ್ಲಿ ಇಟ್ಕೊಂಡ್ರೆ ಇನ್ನು ಮುಂದೆ ಹಾಳಾಗೋದನ್ನ ನಿಧಾನ ಮಾಡಬಹುದು."

"ಹಂಗಾದ್ರೆ ಇರೋ ಮೋಟಾರನ್ನೇ ಲೋಡ್ ಕಮ್ಮಿ ಮಾಡಿ ಓಡಿಸ್ಬೇಕು" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಿಮ್ಮ ಅಮ್ಮ ಮುಂದೆ ಕೂತಳು, ನಾವಿಬ್ಬರೂ ಹಿಂದೆ. ಮಳೆಗೆ ಗಾಜೆಲ್ಲ ಮಬ್ಬು. ಫಿಲ್ಮಿನ ದೊಡ್ಡ ಕವರು ಅವರ ತೊಡೆಯ ಮೇಲೆ, ತಾಯಿತ ನನ್ನ ಸೆರಗಿನ ಗಂಟಿನಲ್ಲಿ. ನನ್ನ ಜೀವಮಾನದಲ್ಲಿ ನಾನೇ ಎತ್ತಿ ಕೇಳಿದ ಮಾತು ಬಹಳ ಕಡಿಮೆ. ಅದರಲ್ಲಿ ಇದೊಂದು.

"ಕುಡಿದೇ ಇಲ್ಲ ಅಂದ್ಮೇಲೆ ಆಣೆ ಯಾಕ್ರೀ ಇಟ್ರಿ? ಒಂದು ಮಾತು ಬೈಬಾರ್ದಿತ್ತಾ ನನ್ನ?"

ಕೇಳಿಸಲಿಲ್ಲವೇನೋ ಅಂದುಕೊಂಡೆ. ಎರಡು ಸ್ಟಾಪು ಕಳೆದ ಮೇಲೆ ಹೇಳಿದರು.

"ಕಾಲು ನಾನು ಹೇಳ್ದಂಗೆ ಕೇಳ್ತಿರ್ಲಿಲ್ಲ ಕಣೇ. ಕೈನೂ ಕೇಳ್ತಿರ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಿರ್ಲಿಲ್ಲ. ಭಯ ಆಗಿತ್ತು. ನೀನು ಕುಡಿತ ಅಂದೆ." ತೊಡೆಯ ಮೇಲಿನ ಕವರನ್ನು ಸರಿಮಾಡಿಕೊಂಡರು. "ಕುಡಿತ ಆದ್ರೆ ಬಿಡಬಹುದಲ್ಲ. ಬಿಟ್ರೆ ಸರಿಹೋಗುತ್ತಲ್ಲ. ಅದೇ ಆಗಿರ್ಲಿ ಅಂದ್ಕೊಂಡೆ."

ನಾನು ಅಳಲಿಲ್ಲ. ಬಸ್ಸಿನಲ್ಲಿ ಹೇಗೆ ಅಳುವುದು? ಅವರ ಅಂಗಿಯ ಮೇಲಿನ ಗುಂಡಿ ತಪ್ಪು ತೂತಿಗೆ ಸಿಕ್ಕಿತ್ತು, ಅದನ್ನು ಬಿಚ್ಚಿ ಸರಿಯಾಗಿ ಹಾಕಿದೆ.

ಮಾರನೇ ದಿನ ಅವರು ಆ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೊರಟರು. ಬೇಡ ಎಂದರೆ ಕೇಳಲಿಲ್ಲ. ಚರಂಡಿಯ ಕಲ್ಲಿನ ಹತ್ತಿರ ನಾನೇ ಪಾದ ಅಡ್ಡ ಇಟ್ಟೆ. ಅಂಗಡಿಯ ಟ್ಯೂಬ್‌ಲೈಟಿಗೆ ಫಿಲ್ಮು ಹಿಡಿದು, ಕೃಷ್ಣಪ್ಪನಿಗೂ ಯಲ್ಲಪ್ಪನಿಗೂ ತಮ್ಮ ತಲೆಯನ್ನೇ ಒಂದು ಬಿಚ್ಚಿದ ಮೋಟಾರಿನಂತೆ ತೋರಿಸಿದರು. "ಇಲ್ಲಿ ನೋಡಿ, ಇಲ್ಲಿ ಕವಚ ಹೋಗಿದೆ. ಆವತ್ತಿನ ಕಾಗದ ತಪ್ಪಿದ್ದು ಇದರಿಂದ." ಕೃಷ್ಣಪ್ಪ ಮುಖ ಎತ್ತದೆ, "ಕೂತ್ಕೊಳ್ಳಿ ಗುರುಗಳೇ" ಎಂದು ಸ್ಟೂಲು ಎಳೆದು, "ಟೀ ಹೇಳ್ತೀನಿ" ಎಂದು ತಾವೇ ಎದ್ದು ಹೋದರು. ಆಮೇಲೆ ಎರಡು ವರ್ಷ ನಿಮ್ಮ ತಾತ ಆ ಸ್ಟೂಲಿನ ಮೇಲೆ ಕೂತು ಒಂದೇ ಕೆಲಸ ಮಾಡಿದರು. ಮೆಗ್ಗರಿನ ಹಿಡಿ ತಿರುಗಿಸುವುದು. ಮುಳ್ಳು ಎಲ್ಲಿ ನಿಂತಿತೆಂದು ಯಲ್ಲಪ್ಪ ನೋಡಿ ಹೇಳುತ್ತಿದ್ದರು. ಒಂದೇ ಸಮನೆ ತಿರುಗಿಸುವುದಷ್ಟೇ, ಮುಂದಿನದು ಏನೆಂದು ಯೋಚಿಸಬೇಕಿರಲಿಲ್ಲ. ಮೂರನೇ ವರ್ಷ ಹಾಸಿಗೆ ಹಿಡಿದರು, ನಿಮ್ಮ ಅಮ್ಮನ ಮದುವೆ ನೋಡಿ ಹೋದರು.

ಕಾರ್ತಿಕದಲ್ಲಿ ನಾನೊಬ್ಬಳೇ ಹುಣಸೆಮರದಮ್ಮನ ಗುಡಿಗೆ ಹೋಗಿದ್ದೆ. ಆಣೆ ಇಳಿಸಿಕೊಡಿ ಎಂದು ತಾಯಿತ ಮುಂದಿಟ್ಟೆ. ಮೂಡ್ಲಯ್ಯ ಅರ್ಥವಾಗದೆ ನೋಡಿದ. "ಮತ್ತೆ ಕುಡೀಬೇಕು ಅಂತ ಆಣೆ ಇಳಿಸ್ಕೊಳ್ಳೋಕೆ ಬರ್ತಾರೆ. ಕುಡಿದೇ ಇಲ್ಲ ಅಂತ ಬಂದೋಳು ನೀನೇ ಮೊದಲು ಕಣವ್ವ. ಅವರದ್ದೇನೂ ತಪ್ಪಿಲ್ಲ ಅಂದ್ಮೇಲೆ ಇಳಿಸೋದೇನಿದೆ? ಇಡಿಸ್ದೋಳು ನೀನು. ನೀನೇ ಅಡ್ಡಬಿದ್ದು ಹೋಗು." ತಾಯಿತ ಅವನು ವಾಪಸು ತೆಗೆದುಕೊಳ್ಳಲಿಲ್ಲ. ಅಡ್ಡಬಿದ್ದು ಬಂದೆ.

ಜಯಕ್ಕನಿಗೆ ಮಾತ್ರ ಹೇಳಲಿಲ್ಲ. ನಲ್ಲಿಯ ಹತ್ತಿರ ದಿನಾ ಸಿಗುತ್ತಿದ್ದಳು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದೆ. ಹೇಳಬೇಕಾದರೆ ಗುಡಿಯ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಇಡೀ ಬೀದಿ ಅವರನ್ನು ಕುಡುಕ ಎಂದುಕೊಂಡೇ ಉಳಿಯಿತು, ನನ್ನ ನಾಚಿಕೆಯಿಂದ. ನನ್ನ ನಾಚಿಕೆಗೆ ಎಲ್ಲರೂ ಒಳ್ಳೆಯ ಗುಣ ಎನ್ನುತ್ತಾರೆ.

ಆ ಕವರು ನನ್ನ ಟ್ರಂಕಿನ ತಳದಲ್ಲಿದೆ. ಅದರೊಳಗೆ ಫಿಲ್ಮೂ ಇದೆ, ತಾಯಿತವೂ ಇದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬಿಳಿ ಮೋಡದಂತೆ ಕಾಣುವುದು ನಿಮ್ಮ ತಾತನ ಕಾಯಿಲೆ. ದಾರದ ಮೇಲೆ ಹಲ್ಲಿನ ಗುರುತು ನನ್ನದು.

ಸಿಂಚನಾ, ನೀನು ಬಸ್ಸಿನಲ್ಲಿ ಕೇಳಿದೆಯಲ್ಲ. ಇಲ್ಲ ಮಗೂ. ರಂಗಸ್ವಾಮಯ್ಯನವರು ಕುಡಿಯುತ್ತಿರಲಿಲ್ಲ. ಮುಂದಿನ ವಾರ ಕಾಮಾಕ್ಷಿಪಾಳ್ಯಕ್ಕೆ ಹೋಗಿ ಜಯಕ್ಕನಿಗೂ ಹೇಳಬೇಕು. ನೀನೂ ಬಾ. ನಾನು ಮಾತು ಬರದೆ ನಿಂತುಬಿಟ್ಟರೆ, ನನ್ನ ಮುಂದೆ ಒಂದು ಪಾದ ಅಡ್ಡ ಇಡು.